ಕರಿಯನ ಹಿಂದೆ ನಡೆದ ನರ್ಸಮ್ಮ

ಆದೋನಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಸರ್ಕಾರಿ ಆಸ್ಪತ್ರೆಯಿಂದ ನಿವೃತ್ತರಾದ ನರ್ಸಮ್ಮ ಒಬ್ಬರು ಇದ್ದರು. ದಿನಾ ಬೆಳಿಗ್ಗೆ ಕರಿಯ ಎಂಬ ತಮ್ಮ ನಾಯಿಯ ಹಿಂದೆ ಕೋಟೆ ಬೆಟ್ಟದ ಕಾಲುದಾರಿ ಹಿಡಿಯುತ್ತಿದ್ದರು. ಎಷ್ಟೋ ಸಲ ನಾನೂ ಜೊತೆಗೆ ಹೋದದ್ದುಂಟು. ಮಳೆಗಾಲದಲ್ಲಿ ಬಂಡೆಗಳ ನಡುವಿನ ಹೊಂಡದ ನೀರನ್ನು ಕರಿಯ ಕುಡಿದು ಮುಗಿಸುವವರೆಗೂ ನಿಲ್ಲುತ್ತಿದ್ದರು. ಸೀತಾಫಲದ ಕಾಲದಲ್ಲಿ ಬೀಜ ಬಿಡಿಸಿ ಅದಕ್ಕೆ ಹಣ್ಣು ತಿನ್ನಿಸುತ್ತಿದ್ದರು. ನಾನು ಗಡಿಯಾರ ನೋಡಿದರೆ, "ಅವಸರ ಏನೈತಿ ತಂಗೀ?" ಎನ್ನುತ್ತಿದ್ದರು.

ಹೋದ ಬೇಸಿಗೆಯಲ್ಲಿ ಕರಿಯನ ಹಿಂಗಾಲುಗಳು ಬಿದ್ದುಹೋದವು. ಊಟವನ್ನೂ ಬಿಟ್ಟಿತು.

"ಪಶು ಡಾಕ್ಟರ್ ಕಡೆ ಸೂಜಿ ಹಾಕಿಸಿ ಅದರ ನೋವು ಮುಗಿಸಿಬಿಡ್ರಿ ಅಮ್ಮಾ," ಎಂದೆ.

"ವಾರ್ಡಿನಾಗ ಪರದೆ ಎಳೆದು ಎಷ್ಟೋ ಮಂದೀನ ಕಳಿಸೀನಿ. ಇದು ಬಯಲಾಗ ಹೋಗ್ಲಿ," ಎಂದರು.

ಮರುದಿನ ಅದನ್ನು ಹಳೇ ಸೀರೆಯಲ್ಲಿ ಕೂಸಿನಂತೆ ಎದೆಗೆ ಕಟ್ಟಿಕೊಂಡು ಬೆಟ್ಟ ಹತ್ತಿದರು. ನಾನು ನೀರಿನ ಬಾಟಲಿ ಹಿಡಿದು ಹಿಂದೆ ಹೋದೆ. ದೊಡ್ಡ ಬಂಡೆಯೊಂದರ ನೆರಳಲ್ಲಿ ಮಲಗಿಸಿದರು. ಬಿಸಿಲೇರುವ ಹೊತ್ತಿಗೆ ಕರಿಯನ ಉಸಿರು ನಿಂತಿತ್ತು. ನರ್ಸಮ್ಮ ಅದರ ಎದೆಯ ಮೇಲೆ ಕೈಯಿಟ್ಟು ಖಾತ್ರಿ ಮಾಡಿಕೊಂಡು, ಎರಡು ಬೆರಳಿಂದ ಕಣ್ಣು ಮುಚ್ಚಿದರು. ಅಳಲಿಲ್ಲ. ಇಬ್ಬರೂ ಸೇರಿ ಅದರ ಮೇಲೆ ಕಲ್ಲು ಪೇರಿಸಿದೆವು.

ಇಳಿಯಲು ಎದ್ದವರು ನಾಲ್ಕು ಹೆಜ್ಜೆ ನಡೆದು ನಿಂತುಬಿಟ್ಟರು.

"ದಾರಿ ಯಾ ಕಡೆ ತಂಗೀ? ನಾ ಯಾವಾಗ್ಲೂ ಅದರ ಬಾಲ ನೋಡ್ಕೋತ ನಡೆದಾಕಿ."

ಹನ್ನೆರಡು ವರ್ಷ ಅವರು ನಡೆದ ದಾರಿ ಅದು. ನಾನು ಮುಂದೆ ನಡೆದೆ. ಅವರು ನನ್ನ ಸೆರಗು ಹಿಡಿದು ಇಳಿದರು.