ಮಡಿಲಲ್ಲಿ ಬಂದ ಕರು

ನಿಜಾಮನ ಮೇಲೆ ಪೊಲೀಸ್ ಆ್ಯಕ್ಷನ್ ಆದ ಮರುವರ್ಷ. ಕಲಬುರಗಿಯಿಂದ ಕಮಲಾಪುರದ ಶಾಲೆಗೆ ಪಾಠ ಹೇಳಲು ಎಂದಿನಂತೆ ಬಸ್ಸಿನಲ್ಲಿ ಹೊರಟಿದ್ದೆ. ಕಂಬಳಿಯಲ್ಲಿ ಏನನ್ನೋ ಸುತ್ತಿಕೊಂಡು ಒಬ್ಬ ಹೆಂಗಸು ಪಕ್ಕದಲ್ಲಿ ಕೂತಳು. ಕೂಸು ಮಲಗಿದೆಯಾ ಎಂದು ಮೆಲ್ಲಗೆ ಕೇಳಿದೆ.

"ಕೂಸಲ್ರೀ ಬಾಯಿ, ಎಮ್ಮಿ ಕರ. ಸತ್ತೋತು. ತೊಗಲಿನ್ಯಾಗ ಹುಲ್ಲು ತುಂಬಿಸ್ಕೊಂಡು ಹೊಂಟೀನಿ. ಇದನ್ನ ಮುಂದ ಇಡಲಿಲ್ಲಂದ್ರ ಎಮ್ಮಿ ಹಾಲು ಬಿಡಂಗಿಲ್ಲ, ಬತ್ತಿ ಹೋಗ್ತದ."

ಕಂಡಕ್ಟರ್ ಬಂದು, "ಸಾಮಾನು ಊಪರ್ ಹಾಕಮ್ಮಾ" ಎಂದ.

"ಮ್ಯಾಲ ಚಿಮಣಿ ಎಣ್ಣಿ ಡಬ್ಬಿ ಅದಾವರೀ. ಕರದ ವಾಸನಿ ಹೋದ್ರ ಎಮ್ಮಿ ಗುರ್ತಾ ಹಿಡಿಯಂಗಿಲ್ಲ."

ಅವನು ಗಂಟಿಗೆ ಕೈ ಹಾಕಿದ. ಗಂಟನ್ನು ನನ್ನ ತೊಡೆಗೆ ಎಳೆದುಕೊಂಡು ಸೆರಗು ಹೊದಿಸಿದೆ.

ಅವನು ನಕ್ಕ. "ಟೀಚರ್ ಬಾಯಿ ಮಡಿಲಾಗ ಐತಂದ್ರ ಅದು ಬಚ್ಚಾನೇ ಬಿಡ್ರಿ."

ಕಮಲಾಪುರದಲ್ಲಿ ಇಳಿದ ಮೇಲೆ, ಹಾಲು ಕುಡಿದೇ ಹೋಗಬೇಕೆಂದು ಅವಳು ನನ್ನನ್ನೂ ಮನೆಗೆ ಎಳೆದೊಯ್ದಳು. ಎಮ್ಮೆ ಕರುವನ್ನು ಒಮ್ಮೆ ಮೂಸಿ, ನನ್ನ ಸೆರಗನ್ನೇ ನೆಕ್ಕತೊಡಗಿತು. ಎಮ್ಮೆಯ ಹಿಂದಿನಿಂದ ಅವಳ ಚರಿಗೆಗೆ ಹಾಲು ಬೀಳುವ ಸಪ್ಪಳ ಕೇಳಿಸಿತು.

"ಅಲುಗಾಡಬ್ಯಾಡ್ರಿ ಬಾಯಿ" ಎಂದಳು.

ಚರಿಗೆ ತುಂಬುವವರೆಗೆ ನಿಂತೆ. ಶಾಲೆಗೆ ತಡವಾದದ್ದಕ್ಕೆ ಹೆಡ್‌ಮಾಸ್ತರರು ಬರೆದುಕೊಡಲು ಹೇಳಿದ ಕಾರಣವನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕಿತ್ತೋ, ನನಗೆ ಇಂದಿಗೂ ಹೊಳೆದಿಲ್ಲ.