ಉಪ್ಪು ನೋಡುವ ನೆಪ

ಅರವತ್ತರ ದಶಕದ ಮಾತು. ತಿಕೋಟಾದ ನಮ್ಮ ಮನೆಯಲ್ಲಿ ಅತ್ತೆಗೆ ಗಲ್ಲದ ಒಳಗೆ ಕ್ಯಾನ್ಸರ್ ಆಗಿತ್ತು. ಕಿರಣದ ಚಿಕಿತ್ಸೆಗೆ ನಾವೆಲ್ಲ ‘ಕರೆಂಟು’ ಎನ್ನುತ್ತಿದ್ದೆವು. ಮಿರಜದ ದವಾಖಾನೆಯಲ್ಲಿ ಮೊದಲ ಸುತ್ತಿನ ಕರೆಂಟು ಮುಗಿಸಿ ಮನೆಗೆ ಕಳಿಸುವಾಗ ಡಾಕ್ಟರು ಬಿಗಿಯಾಗಿ ಹೇಳಿದ್ದರು: ಖಾರವಿಲ್ಲದ, ಮೆತ್ತಗಿನ ಊಟ ಏನಾದರೂ ಸರಿ, ಸ್ವಲ್ಪ ಸ್ವಲ್ಪವೇ ಮೇಲಿಂದ ಮೇಲೆ ತಿನ್ನಿಸಿ. ಇನ್ನೂ ಸೊರಗಿ ಬಂದರೆ ಎರಡನೆಯ ಸುತ್ತು ಕೊಡಲಾಗುವುದಿಲ್ಲ.

ಮೇಲಿಂದ ಮೇಲೆ ತಿನ್ನುವುದು ನಮ್ಮ ಅತ್ತೆಯಿಂದ ಆಗುವ ಕೆಲಸವೇ? ಲಗ್ನವಾಗಿ ಬಂದಂದಿನಿಂದ ಗಂಡಸರ ಊಟವಾಗದೆ ತುತ್ತು ಮುಟ್ಟಿದವರಲ್ಲ. ಮಾವ ಹೊಲದಿಂದ ಬರುವಾಗ ಹೊತ್ತು ಇಳಿದಿರುತ್ತಿತ್ತು. ಆಮೇಲೆ ಕೂತರೆ ದಣಿವು, ಬಾಯಿಯ ಉರಿ; ಎರಡು ತುತ್ತಿಗೇ ಕೈ ತೊಳೆಯುತ್ತಿದ್ದರು.

“ಮೊದಲ ಉಣ್ರಿ, ಅತ್ತಿ,” ಎಂದರೆ, “ಗಂಡಸ್ರು ಹಸದಿರೂಮುಂದ ನಾ ಉಣ್ಲೇನು? ನೋಡಿದವ್ರು ಏನಂದಾರು?” ಎನ್ನುವರು. ನೋಡಲು ಮನೆಯಲ್ಲಿದ್ದವಳು ನಾನೊಬ್ಬಳೇ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮಾವನವರೇ ಹೇಳಿ ನೋಡಿದರು. ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿದರು. ಆಕೆಯ ಕುಪ್ಪಸ ದಿನೇ ದಿನೇ ಸಡಿಲವಾಗುತ್ತಿತ್ತು. ಸಿಟ್ಟಿಗಿಂತ ಹೆದರಿಕೆಯೇ ನನಗೆ ಹೆಚ್ಚಾಗಿತ್ತು.

ನಮ್ಮ ಮನೆಯಲ್ಲಿ, ದೇವರಿಗೆ ಎಡೆ ಹಿಡಿದ ಮೇಲೆ, ಗಂಡಸರಿಗೆ ಬಡಿಸುವ ಮೊದಲು ಉಪ್ಪು ನೋಡುವವರು ಅತ್ತೆ. ಅಂಗೈಗೆ ಹನಿ ಹಾಕಿಸಿಕೊಂಡು ನೆಕ್ಕುತ್ತಿದ್ದರು. ಅದನ್ನು ಯಾರೂ ಊಟವೆನ್ನುತ್ತಿರಲಿಲ್ಲ. ಒಂದು ದಿನ ನಾನು ಅಂಗೈ ಬಿಟ್ಟು ಬಟ್ಟಲನ್ನೇ ಮುಂದೆ ಹಿಡಿದೆ. ಅದರಲ್ಲಿ ಮೊಸರು ಕಲಸಿದ ಜೋಳದ ನುಚ್ಚು, ಮೇಲೆ ಕೆನೆ.

“ಉಪ್ಪು ನೋಡ್ರಿ, ಅತ್ತಿ.”

ನೋಡಿದರು.

“ತಳದಾಗ ಕೂತಿರ್ತೈತಿ. ಪೂರಾ ನೋಡ್ರಿ.”

ನನ್ನನ್ನೊಮ್ಮೆ ದುರುಗುಟ್ಟಿ ನೋಡಿ, ಪೂರಾ ನೋಡಿದರು. ಸ್ವಲ್ಪ ಹೊತ್ತು ಬಿಟ್ಟು, ಹುರಿದ ಶೇಂಗಾ ನುಣ್ಣಗೆ ಅರೆದು ಹಾಲಿನಲ್ಲಿ ಕುದಿಸಿ, ಇಳಿಸಿದ ಮೇಲೆ ಬೆಲ್ಲ ಕಲಸಿ ಒಯ್ದೆ.

“ಇದರಾಗ ಎಲ್ಲಿ ಉಪ್ಪ ಬೇ?”

“ಹಂಗಾದ್ರ ಬೆಲ್ಲ ನೋಡ್ರಿ.”

ಕರೆಂಟಿನಿಂದ ಆಕೆಯ ನಾಲಿಗೆಗೆ ರುಚಿಯೇ ಹೋಗಿತ್ತು. ಉಪ್ಪು, ಬೆಲ್ಲ ಎರಡೂ ಒಂದೇ. ಅದು ಆಕೆಗೂ ಗೊತ್ತು, ನನಗೂ ಗೊತ್ತು. ಆದರೂ ದೊಡ್ಡ ಪಂಚರ ಹಾಗೆ “ಸರಿ ಐತಿ” ಎಂದು ತೀರ್ಪು ಕೊಡುತ್ತಿದ್ದರು. ಹೀಗೆ ದಿನವಿಡೀ ನಮ್ಮ ಮನೆಯಲ್ಲಿ ಉಪ್ಪು ನೋಡುವುದು ನಡೆಯಿತು.

ಮತ್ತೆ ಮಿರಜಕ್ಕೆ ಹೋದಾಗ ತೂಕ ನೋಡಿದ ಡಾಕ್ಟರು, ಸೊರಗಿಲ್ಲ, ನಾಳೆಯಿಂದಲೇ ಎರಡನೆಯ ಸುತ್ತು ಎಂದರು. ನನಗೆ ಅಳುವೇ ಬಂತು. ದವಾಖಾನೆಯ ವರಾಂಡದಲ್ಲಿ ಬುತ್ತಿ ಬಿಚ್ಚಿ, ರೂಢಿಯಂತೆ ಮೊಸರನ್ನದ ಮೊದಲ ತಾಟು ಮಾವನವರ ಮುಂದಿಟ್ಟೆ. ಅತ್ತೆ ಕೈ ಚಾಚಿ ಅದನ್ನು ತಮ್ಮ ಕಡೆ ಎಳೆದುಕೊಂಡರು.

“ನನಗ ಹಸಿವಾಗೇತಿ,” ಎಂದರು.

ಆ ಮಾತು ಆಕೆಯ ಬಾಯಿಂದ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮಾವ ಎದ್ದು ಹೋಗಿ ಆಕೆಗೆ ಕುಡಿಯಲು ನೀರು ತಂದಿಟ್ಟು, ತಮ್ಮ ಪಾಳಿ ಕಾಯುತ್ತ ಪಕ್ಕದಲ್ಲಿ ಕುಳಿತರು.