ರೆಕ್ಕೆ ಬಿಸಾಕಿದ ಕೋಳಿಸಾರು

ಎಪ್ಪತ್ತರ ದಶಕದಲ್ಲಿ ಥರ್ಮಾಸಿನಲ್ಲಿ ಐಸ್ ತುಂಬಿಕೊಂಡು, ಹಳ್ಳಿ ಹಳ್ಳಿ ಸುತ್ತಿ ಕೋಳಿಗಳಿಗೆ ಕೊಕ್ಕರೆ ರೋಗ ಬಾರದ ಹಾಗೆ ಸೂಜಿ ಹಾಕುವುದು ನನ್ನ ಕೆಲಸ. ಬೈರಕೂರಿನ ಹತ್ತಿರ ಒಂದು ಹಳ್ಳಿಗೆ ಹೋಗಿಬಂದ ವಾರಕ್ಕೇ, ಮುನಿಯಮ್ಮ ಅನ್ನುವವರ ಮನೆಯಲ್ಲಿ ಒಂದೇ ಬೆಳಿಗ್ಗೆ ಮೂರು ಕೋಳಿ ಸತ್ತವು ಅಂತ ಸುದ್ದಿ ಬಂತು. ಸೈಕಲ್ ತುಳಿದುಕೊಂಡು ಹೋದೆ. ಆಯಮ್ಮ ಅಂಗಳದಲ್ಲೇ ನಿಲ್ಲಿಸಿ ಝಾಡಿಸಿದರು.

"ನಿನ್ ಸೂಜಿ ಮನೆ ಹಾಳಾಗ! ಚೆನ್ನಾಗಿ ಓಡಾಡ್ಕೊಂಡಿದ್ದ ಕೋಳಿ ಕಣಪ್ಪಾ!"

"ಊರಿಗೆಲ್ಲಾ ಅದೇ ಸೂಜಿ ಹಾಕಿದ್ದೀನಮ್ಮಾ. ನಿಮ್ಮ ಮನೇಲೇ ಯಾಕೆ ಸತ್ವು? ತೋರ್ಸಿ."

ತೋರಿಸಿದ್ದು ಒಂದೇ. ಅದರ ಕುತ್ತಿಗೆ ಬುಡದ ಕಾಳಿನ ಚೀಲ ಕೊಯ್ದರೆ ಒಳಗೆಲ್ಲ ಕಡ್ಲೆಕಾಯಿ ಬೀಜ, ಮೂಗಿಗೆ ಹೊಡೆಯುವ ಘಾಟು. ಬಿತ್ತೋಕೆ ಅಂತ, ಹುಳ ಹತ್ತದ ಹಾಗೆ ವಿಷದ ಪುಡಿ ಕಲೆಸಿ, ಮಿಕ್ಕ ಬೀಜವನ್ನು ಅವರ ಯಜಮಾನರು ತಿಪ್ಪೆಗೆ ಸುರಿದಿದ್ದರು. ಬೈಸಿಕೊಂಡವನು ಮಾತ್ರ ನಾನು!

"ಇನ್ನೆರಡು ಕೋಳಿ ಎಲ್ಲಮ್ಮಾ?"

"ಒಲೆ ಮೇಲೆ."

ಒಳಗೆ ನುಗ್ಗಿ, ಕುದಿಯುತ್ತಿದ್ದ ಪಾತ್ರೆ ಎತ್ತಿ ತಂದು, ಹಿತ್ತಲ ಗುಂಡಿಗೆ ಸುರಿದು ಮಣ್ಣು ಎಳೆದೆ.

"ನನ್ನ ಸೂಜೀನೇ ವಿಷ ಅಂತೀರಿ. ಅದೇ ಕೋಳೀನ ಮಕ್ಕಳಿಗೆ ಹೇಗಮ್ಮಾ ಬೇಯ್ಸಿದ್ರಿ?"

ಆಯಮ್ಮ ನನ್ನನ್ನೇ ದಡ್ಡನನ್ನು ನೋಡುವ ಹಾಗೆ ನೋಡಿದರು. "ನೀನು ಚುಚ್ಚಿದ್ದು ರೆಕ್ಕೆಗೆ ತಾನೇ? ರೆಕ್ಕೆ ಎಲ್ಲಾ ಕೊಯ್ದು ಬಿಸಾಕೇ ಸಾರು ಮಾಡಿದ್ದು!"

ಆ ಊರಲ್ಲಿ ಇವತ್ತಿಗೂ ವಿಷದ ಬೀಜ ಯಾರಿಗೂ ನೆನಪಿಲ್ಲ. ನನ್ನನ್ನು ಕಂಡರೆ ಸಾಕು, "ಸಾರು ಚೆಲ್ಲಿದೋನು ಬಂದ" ಅಂತಾರೆ.